ಬಾಗಿನದ ಜೊತೆ ಬಂದ ಖುಲಾಸೆ ಪತ್ರ

ಅಕ್ಕಾ, ಬಾಗಿನದ ಜೊತೆ ನಿಮ್ಮಣ್ಣ ಕೊಟ್ಟ ಖುಲಾಸೆ ಪತ್ರಕ್ಕೆ, ಅಂದರೆ ಜಮೀನಿನ ಪಾಲು ಬಿಟ್ಟುಕೊಡುವ ಪತ್ರಕ್ಕೆ, ಸುಮ್ನೆ ಸಹಿ ಹಾಕಬೇಡಿ. ಅಪ್ಪ 2001ರಲ್ಲೇ ತೀರಿಕೊಂಡಿದ್ದರಿಂದ ಪಿತ್ರಾರ್ಜಿತ ಜಮೀನಿನಲ್ಲಿ ನಿಮಗೆ ಪಾಲಿಲ್ಲ ಎಂದು ನಿಮ್ಮಣ್ಣ ಹೇಳಿದ್ದು ಸರಿಯಲ್ಲ. ಹಿಂದೂ ಕುಟುಂಬದಲ್ಲಿ ಮಗಳಿಗೂ ಹುಟ್ಟಿನಿಂದಲೇ ಹಕ್ಕಿದೆ, ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಬಂದಾಗ ಅಪ್ಪ ಬದುಕಿರಲೇಬೇಕು ಅಂತೇನಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲೇ ಹೇಳಿದೆ.

ಆದರೆ 2004ರ ಡಿಸೆಂಬರ್ 20ಕ್ಕೆ ಮುಂಚೆಯೇ ವಿಭಾಗ ಪತ್ರ ರಿಜಿಸ್ಟರ್ ಆಗಿದ್ದರೆ ಅದನ್ನು ಈಗ ಕೆದಕಲು ಆಗುವುದಿಲ್ಲ. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಹಳೆಯ ವರ್ಷಗಳ ಇಸಿ (ಆ ಜಮೀನಿನ ಮೇಲೆ ರಿಜಿಸ್ಟರ್ ಆದ ವ್ಯವಹಾರಗಳ ಪಟ್ಟಿ) ತೆಗೆಸಿ, ಪಹಣಿಯನ್ನೂ ನೋಡಿ. ಅಪ್ಪ ಸ್ವಂತ ದುಡ್ಡಲ್ಲಿ ಕೊಂಡು ವಿಲ್ ಬರೆದಿಟ್ಟಿದ್ದರೆ ಲೆಕ್ಕವೇ ಬೇರೆ.

ಹಬ್ಬದ ಊಟ ಮುಗಿಸಿ, ಎಲೆ ಎತ್ತುವ ಮೊದಲೇ ಪೆನ್ನು ಕೊಡುವುದು ಹಳೇ ಪದ್ಧತಿ ಬಿಡಿ! ‘ವಕೀಲರಿಗೆ ತೋರಿಸಿ ಹೇಳ್ತೀನಿ’ ಅನ್ನಿ. ಫೀಸಿನ ಚಿಂತೆ ಬೇಡ. ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ವಕೀಲರನ್ನು ಉಚಿತವಾಗಿ ಕೊಡುತ್ತಾರೆ. ಸಹಾಯವಾಣಿ 15100.