ಮಲೆನಾಡಿನ ಪೊಲೀಸರು ವೈರ್‌ಲೆಸ್ ಬಿಟ್ಟು ಮೊಬೈಲ್ ಜಾಲಕ್ಕೆ ಹೋಗಬಹುದೇ?

ಎಲ್ಲರ ಜೇಬಿನಲ್ಲೂ 4ಜಿ ಫೋನ್ ಇರುವಾಗ ಶಿವಮೊಗ್ಗ ಜಿಲ್ಲೆಯ ಪೊಲೀಸರೂ ಅಗ್ನಿಶಾಮಕದವರೂ ಇನ್ನೂ ವಾಕಿಟಾಕಿ ಹಿಡಿದೇ ಓಡಾಡುವುದೇಕೆ ಎಂದು ಕೇಳಿದ್ದೀರಿ. ಹೊಸನಗರ, ತೀರ್ಥಹಳ್ಳಿ ಕಡೆಯ ಮೊಬೈಲ್ ಟವರ್‌ಗಳ ನಿರ್ವಹಣೆ ನನ್ನ ವೃತ್ತಿ. ಆ ಅನುಭವದಿಂದ ಹೇಳುವುದಾದರೆ, ಚಿತ್ರ, ನಕ್ಷೆ, ವಾಹನವಿರುವ ಜಾಗದ ಮಾಹಿತಿ ಇವಕ್ಕೆ ಮೊಬೈಲ್ ಜಾಲವೇ ಸರಿ. ಮಾತಿಗೆ ಮಾತ್ರ ಇಲ್ಲಿಯ ಟವರ್‌ಗಳು ಮಳೆಗಾಲವನ್ನು ತಾಳಿಕೊಳ್ಳುವಂತಾಗುವವರೆಗೆ ವೈರ್‌ಲೆಸ್ ಸೆಟ್ ಕೈಬಿಡಬಾರದು.

ಆಷಾಢದ ಗಾಳಿಗೆ ಲೈನಿನ ಮೇಲೆ ಮರ ಬಿದ್ದು ಕರೆಂಟ್ ಹೋಯಿತೆಂದರೆ, ಟವರ್ ಬುಡದಲ್ಲಿರುವ 48 ವೋಲ್ಟ್‌ನ ಬ್ಯಾಟರಿಗಳು ಭಾರ ಹೊರುತ್ತವೆ. ಹೊಸ ಬ್ಯಾಟರಿಯಾದರೆ ಕೆಲವು ಗಂಟೆ ನಡೆಯುತ್ತದೆ, ಹಳೆಯದಾದರೆ ಅಷ್ಟೂ ಇಲ್ಲ. ವೋಲ್ಟೇಜ್ ಒಂದು ಮಿತಿಗಿಂತ ಇಳಿದೊಡನೆ, ಬ್ಯಾಟರಿ ಹಾಳಾಗದಿರಲೆಂದು, ಯಂತ್ರ ತಾನೇ ಸಂಪರ್ಕ ಕಡಿದುಕೊಳ್ಳುತ್ತದೆ. ಜನರೇಟರ್ ಇದ್ದರೂ ಡೀಸೆಲ್ ಕ್ಯಾನ್ ಒಯ್ಯಬೇಕಾದ ದಾರಿಯಲ್ಲೇ ಇನ್ನೊಂದು ಮರ ಅಡ್ಡ ಬಿದ್ದಿರುತ್ತದೆ. ಕಾಡಂಚಿನ ಎಷ್ಟೋ ಟವರ್‌ಗಳು ಮೈಕ್ರೋವೇವ್ ಕೊಂಡಿಯ (ತಂತಿಯಿಲ್ಲದ ರೇಡಿಯೊ ಸಂಪರ್ಕದ) ಮೂಲಕ ಮತ್ತೊಂದು ಟವರನ್ನೇ ನೆಚ್ಚಿಕೊಂಡಿರುವುದರಿಂದ, ಆ ಮುಖ್ಯ ಟವರ್ ನಿಂತರೆ ಉಳಿದವಕ್ಕೆ ಕರೆಂಟ್ ಇದ್ದೂ ಪ್ರಯೋಜನವಿಲ್ಲ. ಆಗ ಕೆಲವೊಮ್ಮೆ ಫೋನಿನಲ್ಲಿ ಸಿಗ್ನಲ್ ಕಡ್ಡಿಗಳು ತುಂಬಾ ಕಾಣುತ್ತಿರುತ್ತವೆ, ಕರೆ ಮಾತ್ರ ಹೋಗುವುದಿಲ್ಲ. (ರಸ್ತೆ ಅಗಲ ಮಾಡುವ ಜೆಸಿಬಿಗೆ ಟವರ್‌ಗಳನ್ನು ಜೋಡಿಸುವ ಫೈಬರ್ ಕೇಬಲ್ ಕಡಿಯಲು ಮಳೆಗಾಲವೇ ಬೇಕೆಂದೂ ಇಲ್ಲ.)

ಮೊಬೈಲಿಗಿಂತ ಕಡಿಮೆ ಆವರ್ತನದಲ್ಲಿ ನಡೆಯುವ ವಿಎಚ್‌ಎಫ್ ವಾಕಿಟಾಕಿ ಸಾಮಾನ್ಯವಾಗಿ 5 ವಾಟ್‌ವರೆಗೆ ಪ್ರಸಾರ ಮಾಡಿದರೆ, 4ಜಿ ಫೋನಿನ ಗರಿಷ್ಠ ಪ್ರಸಾರ ಶಕ್ತಿ ಸುಮಾರು 0.2 ವಾಟ್. ವಿಎಚ್‌ಎಫ್‌ನ ಉದ್ದನೆಯ ಅಲೆಗಳು ಒದ್ದೆ ಕಾಡನ್ನು ದಾಟುವುದರಲ್ಲಿಯೂ ಗುಡ್ಡದ ಅಂಚಿನಲ್ಲಿ ಬಾಗುವುದರಲ್ಲಿಯೂ 1800 ಮೆಗಾಹರ್ಟ್ಸ್‌ನ ಮೊಬೈಲ್ ಅಲೆಗಳಿಗಿಂತ ಮೇಲು. ಸೆಟ್‌ಗಳ ಮಾತನ್ನು ದೂರಕ್ಕೆ ಮರುಪ್ರಸಾರ ಮಾಡುವ ರಿಪೀಟರ್ ಕೆಟ್ಟರೂ ಹುಲಿಕಲ್ ಘಾಟಿಯಲ್ಲಿ ಎರಡು ತಿರುವುಗಳ ಅಂತರದಲ್ಲಿರುವ ಇಬ್ಬರು ಸಿಬ್ಬಂದಿ ಸೆಟ್‌ನಿಂದ ಸೆಟ್‌ಗೆ ನೇರವಾಗಿ ಮಾತಾಡಬಹುದು. ಟವರ್ ಇಲ್ಲದೆ ಫೋನ್‌ಗಳು ಪರಸ್ಪರ ಮಾತಾಡುವ ವ್ಯವಸ್ಥೆ 4ಜಿ ಮಾನದಂಡದಲ್ಲಿದೆ, ಆದರೆ ಅದನ್ನು ಅಳವಡಿಸಿಕೊಂಡ ಫೋನ್‌ಗಳು ಮಾರುಕಟ್ಟೆಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ.

ಗುಂಡಿ ಒತ್ತಿ ಇಡೀ ಗುಂಪಿನೊಡನೆ ಮಾತಾಡುವ ಸೌಲಭ್ಯ 2016ರಲ್ಲೇ ಮೊಬೈಲ್ ಮಾನದಂಡಕ್ಕೆ ಸೇರಿತು. ಅಮೆರಿಕವು 2012ರ ಕಾನೂನಿನ ಮೂಲಕ ಪೊಲೀಸರು, ಅಗ್ನಿಶಾಮಕದವರಂಥವರಿಗಾಗಿ ಫಸ್ಟ್‌ನೆಟ್ ಎಂಬ ಮೊಬೈಲ್ ಜಾಲ ಸ್ಥಾಪಿಸಿ, ಅದಕ್ಕೆ 700 ಮೆಗಾಹರ್ಟ್ಸ್‌ನಲ್ಲಿ ಪ್ರತ್ಯೇಕ ತರಂಗಾಂತರ ಕೊಟ್ಟಿತು. ಸಾಗರದ ಮಾರಿಕಾಂಬಾ ಜಾತ್ರೆಯಲ್ಲಿ ಜನರ ಫೋನ್‌ಗಳಿಂದ ಜಾಲ ಕಿಕ್ಕಿರಿಯುವುದನ್ನು ಕಂಡವರಿಗೆ, ಪೊಲೀಸರ ಕರೆಗೆ ಆದ್ಯತೆ ಏಕೆ ಬೇಕೆಂಬುದನ್ನು ವಿವರಿಸಬೇಕಿಲ್ಲ. ಬ್ರಿಟನ್ನಿನ ಕಥೆ ನಮಗೆ ಹೆಚ್ಚು ಉಪಯುಕ್ತ: 2015ರಲ್ಲಿ ಇಂತಹದೇ ಮೊಬೈಲ್ ಜಾಲಕ್ಕೆ ಗುತ್ತಿಗೆ ಕೊಟ್ಟು, 2019ರ ಕೊನೆಗೆ ಹಳೆಯ ಏರ್‌ವೇವ್ ರೇಡಿಯೊ ಜಾಲವನ್ನು ಮುಚ್ಚುವುದೆಂದು ನಿಶ್ಚಯಿಸಿದ್ದರೂ ಅದು ಈಗಲೂ ನಡೆಯುತ್ತಿದೆ, ಮತ್ತು ಕಂಪನಿಗಳಿಗೆ ಲಾಭವಿಲ್ಲದ ಗುಡ್ಡಗಾಡಿನಲ್ಲಿ ಸರ್ಕಾರವೇ ಹಣ ಹಾಕಿ ಟವರ್ ಕಟ್ಟಬೇಕಾಯಿತು. ನಮ್ಮಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2018ರಲ್ಲಿಯೇ ಇಂತಹ ಜಾಲದ ಬಗ್ಗೆ ಶಿಫಾರಸು ಮಾಡಿದೆ. ತುರ್ತು ಸಹಾಯದ 112ರ ವಾಹನಗಳಲ್ಲಿರುವ ಪರದೆಗಳಂತೂ ಈಗಾಗಲೇ ಮೊಬೈಲ್ ಡೇಟಾದಿಂದಲೇ ನಡೆಯುತ್ತಿವೆ.

ಆದ್ದರಿಂದ ಹಣ ಬಂದರೆ ಹೊಸ ಫೋನ್ ಕೊಳ್ಳುವ ಮೊದಲು, ಘಾಟಿ ಮತ್ತು ಶರಾವತಿ ಹಿನ್ನೀರಿನ ಕಡೆಯ ಆಯ್ದ ಟವರ್‌ಗಳಿಗೆ ಎರಡು ಮೂರು ದಿನ ತಾಳುವ ಬ್ಯಾಟರಿ, ಸೋಲಾರ್ ಮತ್ತು ಬೇರೆ ದಿಕ್ಕಿನಿಂದ ಬರುವ ಎರಡನೆಯ ಕೊಂಡಿ ಒದಗಿಸಬೇಕು. ಜೊತೆಗೆ ಕಂಟ್ರೋಲ್ ರೂಮಿನಲ್ಲಿ ವೈರ್‌ಲೆಸ್ ಮತ್ತು ಫೋನುಗಳನ್ನು ಬೆಸೆಯುವ ಗೇಟ್‌ವೇ ಇಟ್ಟರೆ, ಶಿವಮೊಗ್ಗದಲ್ಲಿ ಕುಳಿತ ಅಧಿಕಾರಿ ಫೋನಿನಲ್ಲಿ ಆಡಿದ ಮಾತು ನಗರ ಹೋಬಳಿಯ ಪೇದೆಯ ಸೆಟ್‌ನಲ್ಲಿ ಕೇಳಿಸುತ್ತದೆ. ಅಂತಹ ಗೇಟ್‌ವೇ ತಂತ್ರಜ್ಞಾನ ಇಂದೇ ಲಭ್ಯವಿದೆ.