ಅಗ್ಗದ ಅಡಿಟಿವ್ ಪ್ಯಾಕೇಜ್‌ಗೆ ಬದಲಾದರೆ ಸಣ್ಣ ಎಂಜಿನ್ ಆಯಿಲ್ ಬ್ಲೆಂಡರ್‌ಗೆ ಲಾಭವಿದೆಯೇ?

ಚೀನಾದ ಪ್ಯಾಕೇಜ್ (ಬೇಸ್ ಆಯಿಲ್ ಎಂಬ ಮೂಲ ಎಣ್ಣೆಗೆ ಬೆರೆಸುವ ರಾಸಾಯನಿಕಗಳ ಮಿಶ್ರಣ) ಕೆಜಿಗೆ 10% ಅಗ್ಗ, ಐಸಿಪಿ (ಎಣ್ಣೆಯಲ್ಲಿನ ಮೂಲಧಾತುಗಳನ್ನು ಅಳೆಯುವ ಲ್ಯಾಬ್ ಪರೀಕ್ಷೆ) ರಿಪೋರ್ಟ್‌ನಲ್ಲಿ ಕ್ಯಾಲ್ಸಿಯಂ, ಜಿಂಕ್, ಫಾಸ್ಫರಸ್ ಎಲ್ಲ ಹಳೆಯದಕ್ಕೆ ಹೊಂದುತ್ತೆ, 15ಡಬ್ಲ್ಯು-40 ಗ್ರೇಡ್‌ನ ಡೀಸೆಲ್ ಎಂಜಿನ್ ಆಯಿಲ್‌ಗೆ ಹಾಕಿಬಿಡಲೇ ಅಂತ ಕೇಳಿದ್ದೀರಿ. ನಾನೂ ಒಂದು ಕಾಲಕ್ಕೆ ಹೀಗೇ ಲೆಕ್ಕ ಹಾಕಿದವನು. ಲೆಕ್ಕ ತಪ್ಪುವುದು ಆ ಐಸಿಪಿ ಹಾಳೆಯಲ್ಲೇ.

ಡೀಸೆಲ್ ಪ್ಯಾಕೇಜ್‌ನಲ್ಲಿ ದೊಡ್ಡ ಪಾಲು ಡಿಸ್ಪರ್ಸೆಂಟ್‌ನದು, ಅಂದರೆ ಮಸಿಯನ್ನು ಗುಂಪುಗಟ್ಟದಂತೆ ಚದುರಿಸಿಡುವ ಪಾಲಿಐಸೊಬ್ಯುಟಿಲಿನ್ ಸಕ್ಸಿನಿಮೈಡ್‌ನದು. ಅದರಲ್ಲಿ ಲೋಹವೇ ಇಲ್ಲ. ಇರುವ ನೈಟ್ರೋಜನ್ ಐಸಿಪಿಯಲ್ಲಿ ಬರುವುದಿಲ್ಲ. ಡಿಸ್ಪರ್ಸೆಂಟ್ ಅರ್ಧಕ್ಕಿಳಿಸಿದರೂ ಕ್ಯಾಲ್ಸಿಯಂ, ಜಿಂಕ್ ಅಷ್ಟೇ ತೋರಿಸುತ್ತವೆ. ಆಮೇಲೆ ಎಂಜಿನ್‌ನಲ್ಲಿ ಮಸಿ ಗುಂಪುಗಟ್ಟಿ, ಆಯಿಲ್ ಮಂದವಾಗಿ, ಫಿಲ್ಟರ್ ಕಟ್ಟಿಕೊಳ್ಳುತ್ತೆ. ಜಿಂಕ್‌ನದೂ ಅದೇ ಪಾಡು. ಸೆಕೆಂಡರಿ ಆಲ್ಕೊಹಾಲ್‌ನಿಂದ ಮಾಡಿದ ಜೆಡ್‌ಡಿಡಿಪಿ (ಸವೆತ ತಡೆಯುವ ಜಿಂಕ್ ಸಂಯುಕ್ತ) ಕಡಿಮೆ ಶಾಖದಲ್ಲೇ ಲೋಹದ ಮೇಲೆ ರಕ್ಷಣೆಯ ಪದರ ಕಟ್ಟುತ್ತೆ, ಪ್ರೈಮರಿಯದು ಹೆಚ್ಚು ಶಾಖ ತಾಳುತ್ತೆ. ಜಿಂಕ್‌ನ ಪಿಪಿಎಂ (ದಶಲಕ್ಷದಲ್ಲಿ ಎಷ್ಟು ಪಾಲು) ಎರಡಕ್ಕೂ ಒಂದೇ ಬರಬಹುದು. ಕ್ಯಾಲ್ಸಿಯಂ ಸಲ್ಫೋನೇಟ್‌ನದೋ ಫಿನೇಟ್‌ನದೋ (ಎರಡೂ ಎಂಜಿನ್ ಶುಚಿಯಾಗಿಡುವ ಡಿಟರ್ಜೆಂಟ್‌ಗಳು) ಅದೂ ತಿಳಿಯದು. ಒಟ್ಟು ನೈಟ್ರೋಜನ್, ಎಫ್‌ಟಿಐಆರ್ (ಇನ್ಫ್ರಾರೆಡ್ ಬೆಳಕಿನಿಂದ ಅಣುಗಳ ಬಗೆ ಗುರುತಿಸುವ ಪರೀಕ್ಷೆ) ಎರಡನ್ನೂ ಮಾಡಿಸಿ. ಆದರೂ ಅವು ಎಂಜಿನ್ ಟೆಸ್ಟ್‌ಗೆ ಸಮ ಅಲ್ಲ.

ಇನ್ನು ಬೆಲೆ. ಟ್ರೀಟ್ ರೇಟ್, ಅಂದರೆ ಆಯಿಲ್‌ನಲ್ಲಿ ಪ್ಯಾಕೇಜ್ ಶೇಕಡ ಎಷ್ಟು ಹಾಕಬೇಕು ಅಂತ ಕೇಳಿದಿರಾ? ಹಳೆಯದು 9%, ಹೊಸದು 12% ಆದರೆ 10% ಅಗ್ಗವಾದರೂ ಪ್ಯಾಕೇಜ್ ಖರ್ಚು 9ರ ಜಾಗಕ್ಕೆ 10.8 ಬಂತು. ಉಳಿತಾಯವಾದ 3% ಬೇಸ್ ಆಯಿಲ್‌ನ ಬೆಲೆ ಕಳೆದರೂ ಸಾಮಾನ್ಯವಾಗಿ ನಷ್ಟವೇ.

ಚೀನಾವೋ ಅಮೆರಿಕವೋ ಅನ್ನುವುದು ನನ್ನ ಪ್ರಕಾರ ಪ್ರಶ್ನೆಯೇ ಅಲ್ಲ. ಲುಬ್ರಿಝಾಲ್, ಇನ್ಫಿನಿಯಂ, ಒರೊನೈಟ್, ಆಫ್ಟನ್ ಈ ನಾಲ್ವರು ದೊಡ್ಡ ಅಡಿಟಿವ್ ತಯಾರಕರು ಇಷ್ಟು ವರ್ಷ ಗಟ್ಟಿಯಾಗಿ ಕೂತಿದ್ದು ರಸಾಯನದ ಗುಟ್ಟಿನಿಂದಷ್ಟೇ ಅಲ್ಲ, ದುಬಾರಿ ಎಂಜಿನ್ ಟೆಸ್ಟ್‌ಗಳ ಡೇಟಾದಿಂದ. ಬಿಡಿ ಕಾಂಪೊನೆಂಟ್ ಮಾರುತ್ತಿದ್ದ ಚೀನಾದ ಹೆನಾನ್‌ನ ರಿಚ್‌ಫುಲ್‌ನಂಥವರು ಈಗ ಅದೇ ದಾರಿ ಹಿಡಿದು ಪ್ಯಾಕೇಜನ್ನೇ ಮಾರುತ್ತಿದ್ದಾರೆ. ಸರಬರಾಜುದಾರ ಯಾರೇ ಇರಲಿ, ನಿಮ್ಮ ಬೇಸ್ ಆಯಿಲ್ ಮತ್ತು ನಿಮ್ಮ ಗ್ರೇಡ್‌ಗೆ ಹೊಂದುವ ಡೇಟಾ ಕೇಳಿ. ಹಳೆ ಪ್ಯಾಕೇಜ್ ಜೊತೆ ಬೇರೆ ಬೇಸ್ ಆಯಿಲ್ ಬಳಸಲು ಇದ್ದ ಅನುಮತಿ ಹೊಸದಕ್ಕೆ ಅನ್ವಯಿಸದು. ಬಿಎಸ್6 ಲಾರಿಗೆ ಮಾರುವುದಾದರೆ ಸಲ್ಫೇಟೆಡ್ ಆ್ಯಶ್ (ಆಯಿಲ್ ಸುಟ್ಟಾಗ ಉಳಿಯುವ ಬೂದಿ) ಸಿಕೆ-4 ಎಂಬ ಡೀಸೆಲ್ ಆಯಿಲ್ ಮಾನದಂಡದ 1% ಮಿತಿಯೊಳಗಿರಬೇಕು, ಇಲ್ಲವಾದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರಾದ ಡಿಪಿಎಫ್‌ನಲ್ಲಿ ಬೂದಿ ಬೇಗ ತುಂಬುತ್ತೆ.

ಬದಲಾಯಿಸಿಯೇ ತೀರುತ್ತೀರಾದರೆ ಎರಡು ಪ್ಯಾಕೇಜ್‌ಗಳನ್ನು ಬೇಸ್ ಆಯಿಲ್ ಸೇರಿಸದೆ ಒಂದೇ ಟ್ಯಾಂಕಿಗೆ ಸುರಿಯಬೇಡಿ, ಜೆಲ್ ಆಗುವ ಅಪಾಯವಿದೆ. ಪೈಪ್‌ಲೈನನ್ನು ಬೇಸ್ ಆಯಿಲ್‌ನಿಂದ ತೊಳೆಯಿರಿ. ಡ್ರಮ್ಮಿಗೆ ಬ್ಯಾಂಡ್ ಹೀಟರ್ ಸುತ್ತಿ ಸುಡಬೇಡಿ. 60 ಡಿಗ್ರಿ ಆಸುಪಾಸು ಸಾಕು. ಅತಿಯಾಗಿ ಕಾದರೆ ಜೆಡ್‌ಡಿಡಿಪಿ ಒಡೆದು ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಬರುತ್ತೆ, ಡ್ರಮ್ಮಿನ ಬಾಯಿಗೆ ಮೂಗಿಟ್ಟು ನೋಡುವ ಅಭ್ಯಾಸವಿದ್ದವರಿಗೆ ಮೊದಲೇ ಹೇಳಿಡಿ.