ಹ್ಯಾಲಿಕಾರ್ನಾಸಸ್‌ನ ಮಹಾಸಮಾಧಿಯಲ್ಲಿ ಇಂದು ನೋಡಲು ಏನು ಉಳಿದಿದೆ?

ಏಳು ಅದ್ಭುತಗಳಲ್ಲಿ ಒಂದಾದ ಮೌಸೋಲಸ್‌ನ ಸಮಾಧಿಯನ್ನು ನೋಡಲು ಟರ್ಕಿಯ ಬೋದ್ರುಮ್‌ಗೆ (ಹಿಂದಿನ ಹ್ಯಾಲಿಕಾರ್ನಾಸಸ್) ಹೋಗಬೇಕೇ, ಶಿಲ್ಪಗಳಿರುವ ಲಂಡನ್ನಿಗೆ ಹೋದರೆ ಸಾಕೇ ಎಂದು ಕೇಳಿದ್ದೀರಿ. ನಾನು ಎರಡೂ ಕಡೆ ನೋಡಿದ್ದೇನೆ. ಶಿಲ್ಪಗಳೇ ಮುಖ್ಯವಾದರೆ ಲಂಡನ್ನಿಗೆ ಹೋಗಿ; ಅವು ಅಲ್ಲಿಗೆ ಹೇಗೆ ಬಂದವೆಂದು ತಿಳಿಯಬೇಕಾದರೆ ಬೋದ್ರುಮ್‌ ಅನ್ನೂ ಬಿಡಬೇಡಿ.

ಪರ್ಷಿಯದ ಸಾಮ್ರಾಜ್ಯದಡಿ ಕಾರಿಯ ಪ್ರಾಂತ್ಯವನ್ನು ಆಳುತ್ತಿದ್ದ ಮೌಸೋಲಸ್ ಕ್ರಿ.ಪೂ. 353ರಲ್ಲಿ ತೀರಿಕೊಂಡ. ಅವನ ಪತ್ನಿಯೂ ಸೋದರಿಯೂ ಆಗಿದ್ದ ಆರ್ಟೆಮಿಸಿಯಾ ಎರಡೇ ವರ್ಷಗಳಲ್ಲಿ ಅವನನ್ನು ಹಿಂಬಾಲಿಸಿದಳು. ರೋಮನ್ ಲೇಖಕ ಪ್ಲಿನಿ ಹೇಳುವಂತೆ ಸಮಾಧಿಗೆ 36 ಕಂಬಗಳೂ, ಅವುಗಳ ಮೇಲೆ 24 ಮೆಟ್ಟಿಲುಗಳ ಪಿರಮಿಡ್ಡೂ, ತುತ್ತತುದಿಯಲ್ಲಿ ನಾಲ್ಕು ಕುದುರೆಗಳ ರಥವೂ ಇದ್ದು, ಒಟ್ಟು ಎತ್ತರ 140 ಅಡಿ. ಸ್ಕೋಪಾಸ್, ಬ್ರಯಾಕ್ಸಿಸ್, ತಿಮೋಥಿಯಸ್, ಲಿಯೋಕಾರಿಸ್ ಎಂಬ ನಾಲ್ವರು ಶಿಲ್ಪಿಗಳು ಒಂದೊಂದು ದಿಕ್ಕನ್ನು ವಹಿಸಿಕೊಂಡರೆಂದೂ ಅವನೇ ಬರೆದಿದ್ದಾನೆ. ಯಾವ ಫಲಕ ಯಾರ ಕೈಯದು ಎಂಬ ಚರ್ಚೆ ಮಾತ್ರ ವಿದ್ವಾಂಸರಲ್ಲಿ ಇನ್ನೂ ಮುಗಿದಿಲ್ಲ. ಪ್ರವಾಸಿ ಮಾರ್ಗದರ್ಶಕರು ಖಚಿತವಾಗಿ ಹೇಳಿದರೆ ಪೂರ್ತಿ ನಂಬಬೇಡಿ.

ಭೂಕಂಪಗಳಿಗೆ ಸಿಕ್ಕಿ ಕುಸಿದಿದ್ದ ಕಟ್ಟಡವನ್ನು ನಿರ್ನಾಮ ಮಾಡಿದವರು ಸಂತ ಜಾನರ ಪಂಥದ ಕ್ರೈಸ್ತ ಯೋಧರು. ಹದಿನೈದನೆಯ ಶತಮಾನದ ಆರಂಭದಿಂದ ಬಂದರಿನ ಬಳಿ ಕೋಟೆ ಕಟ್ಟುತ್ತಾ ಬಂದ ಅವರು ಸಮಾಧಿಯ ಕಲ್ಲುಗಳನ್ನು ಗೋಡೆಗೆ ಹಾಕಿದರು, ಅಮೃತಶಿಲೆಯನ್ನು ಸುಟ್ಟು ಸುಣ್ಣ ಮಾಡಿಕೊಂಡರು. ಆದರೆ ಹೋರಾಟದ ದೃಶ್ಯಗಳಿದ್ದ ಕೆಲವು ಫಲಕಗಳು ಚೆನ್ನಾಗಿ ಕಂಡವೋ ಏನೋ, ಅವನ್ನು ಅಲಂಕಾರವೆಂದು ಗೋಡೆಯಲ್ಲಿ ಕೂರಿಸಿದ್ದರಿಂದ ಅವು ಸುಣ್ಣದ ಗೂಡಿಗೆ ಬೀಳದೆ ಉಳಿದವು. 1846ರಲ್ಲಿ ಬ್ರಿಟಿಷ್ ರಾಯಭಾರಿ ಸ್ಟ್ರಾಟ್‌ಫೋರ್ಡ್ ಕ್ಯಾನಿಂಗ್ ಒಟ್ಟೊಮನ್ ಸುಲ್ತಾನನ ಅನುಮತಿ ಪಡೆದು ಅವನ್ನು ಬಿಡಿಸಿ ಸಾಗಿಸಿದ. ಹತ್ತು ವರ್ಷಗಳ ನಂತರ ಬ್ರಿಟಿಷ್ ಪುರಾತತ್ವಜ್ಞ ಚಾರ್ಲ್ಸ್ ನ್ಯೂಟನ್ ಸಮಾಧಿಯ ನೆಲೆಯನ್ನೇ ಅಗೆದಾಗ, ಉತ್ತರದ ಆವರಣಗೋಡೆಯ ಆಚೆ ಪಿರಮಿಡ್ಡಿನ ಮೆಟ್ಟಿಲುಕಲ್ಲುಗಳೂ ದೊಡ್ಡ ಪ್ರತಿಮೆಗಳ ತುಂಡುಗಳೂ ರಾಶಿಯಾಗಿ ಸಿಕ್ಕವು. ಮಣ್ಣಿನಡಿ ಹೂತುಹೋಗಿದ್ದರಿಂದಲೇ ಆ ರಾಶಿ ಯೋಧರ ಕೈಗೆ ಸಿಕ್ಕಿರಲಿಲ್ಲ.

ಬ್ರಿಟಿಷ್ ಮ್ಯೂಸಿಯಂನ 21ನೇ ಕೋಣೆಯಲ್ಲಿ ನಾನು ಹೆಚ್ಚು ಹೊತ್ತು ನಿಂತದ್ದು ಗ್ರೀಕರಿಗೂ ಅಮೆಜಾನ್ ವೀರವನಿತೆಯರಿಗೂ ನಡೆಯುವ ಯುದ್ಧದ ಉಬ್ಬುಶಿಲ್ಪದ ಮುಂದೆ. ಸುಮಾರು ಮೂರಡಿ ಎತ್ತರದ ಆ ಪಟ್ಟಿಯಲ್ಲಿ ಒಬ್ಬ ಅಮೆಜಾನ್ ಓಡುವ ಕುದುರೆಯ ಮೇಲೆ ಬಾಲದ ಕಡೆಗೆ ಮುಖ ಮಾಡಿ ಕುಳಿತು ಬಾಣ ಹೂಡಿದ್ದಾಳೆ. ಪಕ್ಕದಲ್ಲಿ ರಥದ ಕುದುರೆಯೊಂದರ ಮುಂಭಾಗವಿದೆ. ಅದರ ಬಾಯಲ್ಲಿ ಮೂಲದ ಕಂಚಿನ ಕಡಿವಾಣ ಇಂದಿಗೂ ಇದೆ.

ಮೌಸೋಲಸ್, ಆರ್ಟೆಮಿಸಿಯಾ ಎಂದು ಕರೆಯುವ ಎರಡು ಪ್ರತಿಮೆಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಹಿಂದಕ್ಕೆ ಬಾಚಿದ ಉದ್ದಗೂದಲು, ಮೀಸೆ, ಕಿರುಗಡ್ಡ, ಅಗಲವಾದ ಮುಖವುಳ್ಳ ಆ ಪುರುಷ ಗ್ರೀಕನಂತೆ ಕಾಣುವುದಿಲ್ಲ ಎಂಬುದು ನಿಜವೇ. ಆದರೂ ಅವನು ದೊರೆಯೇ ಎನ್ನಲು ಯಾವ ಶಾಸನವೂ ಇಲ್ಲ. ಇಬ್ಬರೂ ಕಂಬಗಳ ನಡುವೆ ನಿಂತಿದ್ದ ರಾಜಮನೆತನದ ಪೂರ್ವಜರ ಸಾಲಿಗೆ ಸೇರಿದವರೆಂಬ ವಾದವೇ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ. ಹೆಣ್ಣಿನ ಮುಖ ಒಡೆದುಹೋಗಿದ್ದರೂ ಹಣೆಯ ಮೇಲಿನ ಸುರುಳಿಗುರುಳುಗಳ ಸಾಲುಗಳು ಸ್ಪಷ್ಟವಾಗಿವೆ.

ಬೋದ್ರುಮ್‌ನ ನೆಲೆಯಲ್ಲಿರುವುದು ಬಂಡೆಯಲ್ಲಿ ಕಡಿದ ದೊಡ್ಡ ಗುಂಡಿ, ಶವಕೋಣೆಯ ಕಡೆಗೆ ಇಳಿಯುವ ಮೆಟ್ಟಿಲುಗಳು, ಕಂಬದ ತುಂಡುಗಳು. 1966ರಿಂದ ಅಲ್ಲಿ ಅಗೆದ ಡೆನ್ಮಾರ್ಕಿನ ಕ್ರಿಸ್ಟಿಯಾನ್ ಯೆಪ್ಪೆಸೆನ್ ತಂಡಕ್ಕೆ, ಶವಸಂಸ್ಕಾರದ ವೇಳೆ ಬಲಿ ಕೊಟ್ಟ ದನ, ಕುರಿಗಳ ಮೂಳೆಗಳು ಆ ಮೆಟ್ಟಿಲುಗಳ ಬಳಿ ಸಿಕ್ಕಿದ್ದವು. ಇದಕ್ಕೆ ಒಂದು ಗಂಟೆ ಸಾಕು. ಉಳಿದ ಸಮಯವನ್ನು ಕೋಟೆಗೆ ಕೊಡಿ. ಸಮಾಧಿಯ ಕಲ್ಲುಗಳಲ್ಲಿ ಎಷ್ಟೋ ಪಾಲು ಅದರ ಗೋಡೆಗಳಲ್ಲೇ ಇದೆ.